ಮೂರು ಡಾಲರಿನ ಚೀಟಿ

ಬೆಂಗಳೂರನ್ನ ಸಿಂಗಾಪುರ ಮಾಡ್ತೀವಿ ಅನ್ನೋ ಮಾತು ನಮ್ಮೂರಲ್ಲಿ ಹಳೇದು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ (1999-2004) ಅದು ಎಷ್ಟು ಚಾಲ್ತಿಗೆ ಬಂತು ಅಂದರೆ, ಆಮೇಲೆ ರಸ್ತೆಯಲ್ಲಿ ಒಂದು ಗುಂಡಿ ಕಂಡರೂ ಸಾಕು, "ಇದೇನಾ ಸಿಂಗಾಪುರ?" ಅಂತ ಹಂಗಿಸೋದು ಎಲ್ಲರಿಗೂ ರೂಢಿಯಾಯ್ತು. ಆ ಮಾತನ್ನ ಆಡಿದವರಿಗೂ, ಅದನ್ನ ಹಂಗಿಸಿದವರಿಗೂ ಸಿಂಗಾಪುರ ಅಂದರೆ ಕಣ್ಣಿಗೆ ಕಟ್ಟೋದು ಒಂದೇ ಚಿತ್ರ: ನುಣುಪಾದ ರಸ್ತೆ, ಸಾಲು ಸಾಲು ಮೇಲ್ಸೇತುವೆ, ಇಕ್ಕೆಲದಲ್ಲೂ ಮರ, ಕಸ ಎಸೆದರೆ ದಂಡ. ಆದರೆ ಆ ಊರು ತನ್ನ ವಾಹನ ದಟ್ಟಣೆಯನ್ನ ಮೊದಲು ಹತೋಟಿಗೆ ತಂದದ್ದು ಮೇಲ್ಸೇತುವೆಯಿಂದಲ್ಲ, ಕಂಪ್ಯೂಟರಿನಿಂದಲೂ ಅಲ್ಲ. ಒಂದು ಕಾಗದದ ಚೀಟಿಯಿಂದ! ಅದರ ಬೆಲೆ ಮೂರು ಸಿಂಗಾಪುರ ಡಾಲರ್. ಆ ಚೀಟಿಯ ಕತೆಯನ್ನ, ಅದರ ಹಿಂದೆ ಮುಂದೆ ಏನಾಯ್ತು ಅನ್ನೋದನ್ನ ಇಲ್ಲಿ ಬರೆದಿಡ್ತಿದ್ದೀನಿ. ಸ್ವಲ್ಪ ಉದ್ದವಾಗುತ್ತೆ, ಸಾವಧಾನವಾಗಿ ಓದಿ.

1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರೆಯಾಗಿ ಸ್ವತಂತ್ರ ದೇಶವಾದಾಗ ಸಿಂಗಾಪುರ ನಮ್ಮ ಕಲ್ಪನೆಯ ಸಿಂಗಾಪುರ ಆಗಿರಲಿಲ್ಲ. ಊರಿನ ನಡುಮಧ್ಯೆ ಕಿಷ್ಕಿಂಧೆಯಂಥ ಬೀದಿಗಳು, ಒಬ್ಬರಿಗೊಬ್ಬರು ಪೈಪೋಟಿ ಕೊಡೋ ಚಿಕ್ಕಪುಟ್ಟ ಬಸ್ ಕಂಪನಿಗಳು, ಪರವಾನಗಿಯೇ ಇಲ್ಲದೆ ಓಡೋ ಕಳ್ಳ ಟ್ಯಾಕ್ಸಿಗಳು. ಸಂಬಳ ಏರಿದ ಹಾಗೆಲ್ಲ ಕಾರುಗಳೂ ಏರ್ತಿದ್ದವು. ಇಷ್ಟರ ಮೇಲೆ ಅದು ದ್ವೀಪ. ಇವತ್ತು ಸಮುದ್ರಕ್ಕೆ ಮಣ್ಣು ಸುರಿದು ಬೆಳೆಸಿಕೊಂಡ ಮೇಲೂ ಅದರ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ನಮ್ಮಲ್ಲಿ ಊರು ತುಂಬಿದರೆ ಪಕ್ಕದ ಹಳ್ಳಿ ನುಂಗ್ತಾ ಹೋಗಬಹುದು. ಅಲ್ಲಿ ನುಂಗೋಕೆ ಹಳ್ಳಿಯೇ ಇಲ್ಲ. ಈಗಲೂ ಆ ದೇಶದ ನೆಲದಲ್ಲಿ ಶೇಕಡಾ 12ರಷ್ಟು ರಸ್ತೆಗೇ ಹೋಗಿದೆ, ಮನೆಗಳಿಗೆ ಸುಮಾರು 14. ರಸ್ತೆ ಇನ್ನಷ್ಟು ಅಗಲ ಮಾಡಬೇಕು ಅಂದರೆ ಯಾರದೋ ಮನೆಯ ಜಾಗ ತಗೋಬೇಕು. ಲೆಕ್ಕ ಅಷ್ಟು ಸರಳ, ಅಷ್ಟು ಕಠಿಣ.

1967ರಿಂದ 1971ರವರೆಗೆ ವಿಶ್ವಸಂಸ್ಥೆಯ ನೆರವಿನಿಂದ ಅಲ್ಲೊಂದು ದೊಡ್ಡ ನಗರ ಯೋಜನೆಯ ಅಧ್ಯಯನ ನಡೀತು. ಮುಂದಿನ ಇಪ್ಪತ್ತು ವರ್ಷಕ್ಕೆ ಊರು ಹೇಗಿರುತ್ತೆ ಅಂತ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ: ಬರೀ ರಸ್ತೆ ಕಟ್ಟಿ ಈ ಸಮಸ್ಯೆ ಬಗೆಹರಿಯಲ್ಲ, ಖಾಸಗಿ ಕಾರಿಗೆ ಕಡಿವಾಣ ಹಾಕಬೇಕು, ಸಾರ್ವಜನಿಕ ಸಾರಿಗೆ ಗಟ್ಟಿ ಮಾಡಬೇಕು, ಮುಂದೊಂದು ದಿನ ರೈಲೂ ಬೇಕಾಗುತ್ತೆ. ಇಂಥ ವರದಿಗಳು ನಮ್ಮಲ್ಲೂ ಬಂದಿವೆ, ಕಪಾಟಿನಲ್ಲಿ ಧೂಳು ತಿಂತಿವೆ ಅಂತೀರಾ? ಅಲ್ಲೇ ವ್ಯತ್ಯಾಸ ಇರೋದು. ಅವರು ಮೊದಲು ಕೈ ಹಾಕಿದ್ದು ಕಾರಿಗಲ್ಲ, ಬಸ್ಸಿಗೆ. 1971ರಲ್ಲಿ ಚಿಕ್ಕ ಚಿಕ್ಕ ಬಸ್ ಕಂಪನಿಗಳನ್ನ ಕೂಡಿಸಿ ಮೂರು ದೊಡ್ಡ ಕಂಪನಿ ಮಾಡಿದರು. 1973ರಲ್ಲಿ ಆ ಮೂರನ್ನೂ ಸೇರಿಸಿ ಒಂದೇ ಮಾಡಿದರು. 1974ರಲ್ಲಿ ಬಸ್ಸಿಗೇ ಮೀಸಲಾದ ಪಥಗಳನ್ನ ಗೆರೆ ಎಳೆದು ಗುರುತಿಸಿದರು. ಕಾರಿನವನಿಗೆ "ಬರಬೇಡ" ಅನ್ನೋಕೆ ಮುಂಚೆ "ಹೀಗೆ ಬಾ" ಅನ್ನೋಕೆ ಒಂದು ದಾರಿ ಇರಬೇಕಲ್ಲ. ಅದನ್ನ ಮೊದಲು ಅಷ್ಟೋ ಇಷ್ಟೋ ಸರಿಮಾಡಿಕೊಂಡರು.

1973ರಲ್ಲಿ ರಸ್ತೆ ಸಾರಿಗೆಗೆ ಅಂತಲೇ ಒಂದು ಕ್ರಿಯಾ ಸಮಿತಿ ಮಾಡಿದರು. ಊರ ನಡುವೆ ಬೆಳಗಿನ ಹೊತ್ತು ಕಾರು ಕಡಿಮೆ ಮಾಡೋದು ಹೇಗೆ ಅನ್ನೋದು ಪ್ರಶ್ನೆ. ನಮ್ಮ ಹೆದ್ದಾರಿಗಳಲ್ಲಿ ಇರೋ ಥರ ಟೋಲ್ ಗೇಟ್ ಕಟ್ಟೋಣವೇ? ಅದಕ್ಕೆ ಜಾಗ ಬೇಕು, ಮೇಲಾಗಿ ದಟ್ಟಣೆ ಕಡಿಮೆ ಮಾಡೋಕೆ ಅಂತ ಕಟ್ಟಿದ ಗೇಟಿನಲ್ಲೇ ಹೊಸ ದಟ್ಟಣೆ ಶುರುವಾಗುತ್ತೆ. ಬರೀ ಪಾರ್ಕಿಂಗ್ ಶುಲ್ಕ ಏರಿಸೋಣವೇ? ಊರೊಳಗೆ ನಿಲ್ಲದೆ ಸುಮ್ಮನೆ ಹಾದು ಹೋಗೋನಿಗೆ ಅದು ತಟ್ಟೋದೇ ಇಲ್ಲ. ಕೊನೆಗೆ ಉಳಿದದ್ದು ಚೀಟಿ. ಗಾಡಿಯ ಮುಂಗಾಜಿಗೆ ಚೀಟಿ ಅಂಟಿಸಿಕೊಂಡವನು ಒಳಗೆ ಬರಬಹುದು, ಇಲ್ಲದವನು ಬರಬಾರದು.

1975ರ ಜೂನ್ 2, ಸೋಮವಾರ. ಅವತ್ತು ಬೆಳಗ್ಗೆ 7.30ಕ್ಕೆ ಈ ವ್ಯವಸ್ಥೆ ಶುರುವಾಯ್ತು. ಊರ ನಡುವಿನ ವ್ಯಾಪಾರ ಕೇಂದ್ರವನ್ನ ನಿರ್ಬಂಧಿತ ವಲಯ ಅಂತ ಗುರುತಿಸಿದರು (ಮುಂದೆ ಇದು ಸುಮಾರು 7 ಚದರ ಕಿಲೋಮೀಟರಿನಷ್ಟಾಯ್ತು). ಒಳಗೆ ಬರೋ ಇಪ್ಪತ್ತಕ್ಕೂ ಹೆಚ್ಚು ದಾರಿಗಳಲ್ಲಿ ಒಂದೊಂದು ಕಮಾನು, ಅದರ ಮೇಲೊಂದು ಫಲಕ, ಪಕ್ಕದಲ್ಲೊಂದು ಪುಟ್ಟ ಗೂಡು. ಗೂಡಿನಲ್ಲಿ ಕೂತ ಸಿಬ್ಬಂದಿಯ ಕೆಲಸ ಕಣ್ಣಲ್ಲಿ ನೋಡೋದು, ಕೈಯಲ್ಲಿ ಬರೆಯೋದು. ಚೀಟಿ ಇಲ್ಲದ ಕಾರು ಬಂದರೆ ಅಡ್ಡಗಟ್ಟಿ ನಿಲ್ಲಿಸೋ ಹಾಗಿಲ್ಲ. ಸುಮ್ಮನೆ ನಂಬರ್ ಬರೆದುಕೊಳ್ಳೋದು, ದಂಡದ ನೋಟೀಸು ಅಂಚೆಯಲ್ಲಿ ಮನೆಗೆ ಹೋಗುತ್ತೆ. ಚೀಟಿ ದಿನಕ್ಕೆ 3 ಡಾಲರ್, ತಿಂಗಳಿಗೆ 60. ಅಂಚೆ ಕಚೇರಿ, ಪೆಟ್ರೋಲ್ ಬಂಕ್, ರಸ್ತೆ ಬದಿಯ ಮಾರಾಟದ ಗೂಡು ಎಲ್ಲಾ ಕಡೆ ಸಿಗ್ತಿತ್ತು. ಹಳೇ ಚೀಟಿ ತೋರಿಸಿ ಒಳಗೆ ನುಗ್ಗಬಾರದು ಅಂತ ಬಣ್ಣ, ಆಕಾರ ಬದಲಾಯಿಸ್ತಿದ್ದರು, ದೂರದಿಂದಲೇ ಗುರುತು ಸಿಗಲಿ ಅಂತ. ಬಸ್ಸಿಗೆ, ಸರಕಿನ ಗಾಡಿಗೆ, ಮೋಟಾರ್ ಬೈಕಿಗೆ ವಿನಾಯಿತಿ. ಚಾಲಕನೂ ಸೇರಿ ನಾಲ್ಕು ಜನ ಇದ್ದರೆ ಕಾರಿಗೂ ವಿನಾಯಿತಿ.

ಇಷ್ಟೇ ವ್ಯವಸ್ಥೆ. ಇದರಲ್ಲಿ ಕ್ಯಾಮೆರಾ ಇಲ್ಲ, ಸೆನ್ಸರ್ ಇಲ್ಲ, ಡೇಟಾಬೇಸ್ ಇಲ್ಲ. ಕಾಗದ, ಪೆನ್ಸಿಲ್, ಕಣ್ಣು, ಅಂಚೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋ ನನ್ನಂಥವನಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ :-)

ಫಲಿತಾಂಶ? ಸಂಚಾರವನ್ನ ಶೇಕಡಾ 25-30ರಷ್ಟು ಇಳಿಸಬೇಕು ಅನ್ನೋದು ಯೋಜಕರ ಗುರಿಯಾಗಿತ್ತು. ವಿಶ್ವಬ್ಯಾಂಕಿನವರು ಆಮೇಲೆ ಕೂತು ಅಧ್ಯಯನ ಮಾಡಿದಾಗ ನಿರ್ಬಂಧದ ಹೊತ್ತಿನಲ್ಲಿ ಒಳಗೆ ಬರೋ ಒಟ್ಟು ವಾಹನ ಶೇಕಡಾ 44ರಷ್ಟು, ಕಾರುಗಳಂತೂ ಶೇಕಡಾ 73ರಷ್ಟು ಕಡಿಮೆಯಾಗಿದ್ದವು. ಗುರಿ ದಾಟಿ ಆಚೆಗೇ ಹೋಗಿಬಿಟ್ಟಿತ್ತು. ರಸ್ತೆ ಬೇಕಾದ್ದಕ್ಕಿಂತ ಹೆಚ್ಚು ಖಾಲಿ ಬೀಳ್ತಿದೆ, ಮೂರು ಡಾಲರ್ ಜಾಸ್ತಿಯಾಯ್ತು ಅಂತ ಆಗಲೇ ಕೆಲವು ಅರ್ಥಶಾಸ್ತ್ರಜ್ಞರು ಟೀಕೆ ಮಾಡಿದರು.

ಇಲ್ಲಿಗೆ ಕತೆ ನಿಲ್ಲಿಸಿದರೆ ಅದು ಜಾಹೀರಾತಾಗುತ್ತೆ. ನನಗೆ ಹೆಚ್ಚು ಇಷ್ಟವಾದದ್ದು ಇದರಲ್ಲಿ ಏನೇನು ಕೆಟ್ಟಿತು ಅನ್ನೋ ಭಾಗ. ಮೊದಲನೇದು, ನಿರ್ಬಂಧ 9.30ಕ್ಕೆ ಮುಗೀತಿತ್ತು. ಜನ ಏನು ಮಾಡಿದರು? 9.30 ಆಗೋದನ್ನೇ ಕಾದು ಒಟ್ಟಿಗೆ ನುಗ್ಗಿದರು! ಎರಡು ತಿಂಗಳಲ್ಲೇ, ಆಗಸ್ಟ್ 1ರಿಂದ, ಅವಧಿಯನ್ನ 10.15ರವರೆಗೆ ಎಳೆದರು. ಎರಡನೇದು, ಟ್ಯಾಕ್ಸಿಗೆ ಮೊದಲು ವಿನಾಯಿತಿ ಇತ್ತು. ಮೂರೇ ವಾರದಲ್ಲಿ ಅದನ್ನ ತೆಗೆದುಹಾಕಬೇಕಾಯ್ತು. ಮೂರನೇದು, ವಲಯದ ಅಂಚಿನಲ್ಲಿ ಸುಮಾರು 10,000 ಕಾರು ನಿಲ್ಲಿಸೋ ಜಾಗ ಮಾಡಿ, ಅಲ್ಲಿಂದ ಒಳಗೆ ಹೋಗೋಕೆ ವಿಶೇಷ ಬಸ್ ಬಿಟ್ಟರು. ಅದು ಪೂರಾ ಸೋತಿತು. ಕಾರು ತೆಗೆದು, ಅರ್ಧ ದಾರಿ ಬಂದು, ಇಳಿದು, ಬಸ್ಸು ಹತ್ತೋ ಬದಲು ಜನ ಮನೆ ಹತ್ತಿರವೇ ಬಸ್ಸು ಹತ್ತಿದರು, ಇಲ್ಲವೇ ಕಾರಿನಲ್ಲಿ ಜೊತೆ ಹುಡುಕಿಕೊಂಡರು. ನಾಲ್ಕು ತಲೆ ಲೆಕ್ಕ ಸರಿಹೋಗಲಿ ಅಂತ ಕಾರಿನವರು ಬಸ್ ಸ್ಟಾಪಿನಲ್ಲಿ ನಿಂತವರನ್ನ ಕರೆದು ಹತ್ತಿಸಿಕೊಳ್ತಿದ್ದರು. ಬಸ್ಸಿಗೆ ಕಾದವನಿಗೆ ಬಿಟ್ಟಿ ಸವಾರಿ, ಕಾರಿನವನಿಗೆ ಮೂರು ಡಾಲರ್ ಉಳಿತಾಯ.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಬೆಳಗ್ಗೆ ಬರದ ಕಾರು ಸಂಜೆ ಹೇಗೆ ವಾಪಸ್ ಹೋಗುತ್ತೆ? ಹಾಗಾಗಿ ಬೆಳಗ್ಗೆ ಕಡಿಮೆ ಮಾಡಿದರೆ ಸಂಜೆಯೂ ತಾನಾಗೇ ಕಡಿಮೆಯಾಗುತ್ತೆ ಅನ್ನೋದು ಯೋಜಕರ ಊಹೆ. ಕೇಳೋಕೆ ತರ್ಕಬದ್ಧವಾಗೇ ಇದೆ. ಆದರೆ ಸಂಜೆ ದಟ್ಟಣೆ ಹೆಚ್ಚುಕಡಿಮೆ ಹಾಗೇ ಉಳೀತು. ಬೆಳಗ್ಗೆ ವಲಯವನ್ನ ಸುತ್ತಿಕೊಂಡು ಹೊರಗಿನ ದಾರಿಯಲ್ಲಿ ಹೋದವನು ಸಂಜೆ ಚೀಟಿಯ ಹಂಗಿಲ್ಲದ್ದರಿಂದ ಊರ ನಡುವಿನಿಂದಲೇ ಮನೆಗೆ ಹೋಗ್ತಿದ್ದ. ಕಾಗದದ ಮೇಲೆ ಕನ್ನಡಿಯ ಹಾಗೆ ಕಂಡದ್ದು ರಸ್ತೆಯ ಮೇಲೆ ಹಾಗಿರಲಿಲ್ಲ. ಇದನ್ನ ಸರಿಮಾಡೋಕೆ ಹದಿನಾಲ್ಕು ವರ್ಷ ಹಿಡೀತು. 1989ರ ಜೂನ್‌ನಲ್ಲಿ ಸಂಜೆಗೂ ಚೀಟಿ ಬಂತು, ಬೈಕು ಮತ್ತು ಸರಕಿನ ಗಾಡಿಗಳ ವಿನಾಯಿತಿ ಹೋಯ್ತು, ನಾಲ್ಕು ಜನರ ವಿನಾಯಿತಿಯೂ ಹೋಯ್ತು. ಎಲ್ಲರೂ ಕೊಡೋ ಹಾಗಾದ ಮೇಲೆ, ಅಷ್ಟು ಹೊತ್ತಿಗೆ 5 ಡಾಲರಿಗೆ ಏರಿದ್ದ ದರವನ್ನ ಮತ್ತೆ 3 ಡಾಲರಿಗೆ ಇಳಿಸಿದರು. ಈ ಕೊನೇ ವಾಕ್ಯವನ್ನ ನೆನಪಿಟ್ಟುಕೊಳ್ಳಿ. ಸರ್ಕಾರ ಒಂದು ಶುಲ್ಕವನ್ನ ಇಳಿಸಿತು!

ರಸ್ತೆಗೆ ಯಾಕೆ ಬೆಲೆ ಕೊಡಬೇಕು, ತೆರಿಗೆ ಕಟ್ಟಿಲ್ಲವೇ ಅಂತ ಕೇಳೋರಿಗೆ ಉತ್ತರ ಕೊಟ್ಟವನು ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವನು. ಗಾಡಿಗಳಿಗೆ ಎಲೆಕ್ಟ್ರಾನಿಕ್ ಗುರುತು ಹಾಕಿ, ಓಡಾಡಿದ ಹೊತ್ತಿಗೆ ತಕ್ಕ ಹಾಗೆ ದುಡ್ಡು ವಸೂಲು ಮಾಡಿ ಅಂತ 1959ರಲ್ಲೇ ವಾಷಿಂಗ್ಟನ್ ನಗರಕ್ಕೆ ಸಲಹೆ ಕೊಟ್ಟಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. (ಅವನಿಗೆ 1996ರಲ್ಲಿ ನೊಬೆಲ್ ಘೋಷಣೆಯಾಯ್ತು, ಮೂರೇ ದಿನಕ್ಕೆ ತೀರಿಕೊಂಡ.) ಬ್ರಿಟನ್ನಿನಲ್ಲಿ 1964ರಲ್ಲಿ ಸ್ಮೀಡ್ ಸಮಿತಿಯೂ ಇದನ್ನೇ ಹೇಳಿತು, ಅದೂ ಮೂಲೆಗೆ ಹೋಯ್ತು. ವಿಚಾರ ನಮ್ಮ ಮದುವೆ ಮನೆ ಊಟದ ಪಂಕ್ತಿಯಷ್ಟೇ ಸರಳ. ಊಟ ಬಿಟ್ಟಿ ಅಂದ ಮಾತ್ರಕ್ಕೆ ಅದಕ್ಕೆ ಬೆಲೆ ಇಲ್ಲ ಅಂತಲ್ಲ, ಕುರ್ಚಿ ಹಿಂದೆ ನಿಂತು ಕಾಯ್ತೀವಲ್ಲ, ಅದೇ ಬೆಲೆ. ರಸ್ತೆಯಲ್ಲೂ ದುಡ್ಡು ಕೊಡದಿದ್ದರೆ ಹೊತ್ತು ಕೊಡ್ತೀವಿ. ಆದರೆ ರಸ್ತೆಯಲ್ಲಿ ಇನ್ನೊಂದು ವಿಶೇಷ ಇದೆ. ನಾನು ಕಾರು ತೆಗೆದರೆ ನನಗಾಗೋ ತಡ ನನಗೆ ಗೊತ್ತು. ನನ್ನಿಂದ ಹಿಂದಿನ ನೂರು ಜನಕ್ಕೆ ಆಗೋ ತಡ ನನ್ನ ಲೆಕ್ಕಕ್ಕೆ ಬರೋದೇ ಇಲ್ಲ. ಆ ನೂರು ಜನರಲ್ಲಿ ಅರವತ್ತು ಜನ ಒಂದೇ ಬಸ್ಸಿನಲ್ಲಿ ನಿಂತಿರಬಹುದು. ಮೂರು ಡಾಲರಿನ ಚೀಟಿ ಮಾಡಿದ್ದು ಇಷ್ಟೇ, ಅವರ ತಡವನ್ನ ನನ್ನ ಲೆಕ್ಕದ ಪುಸ್ತಕಕ್ಕೆ ತಂದದ್ದು.

ಚೀಟಿ ಒಂದೇ ಸಾಲಲಿಲ್ಲ. 1982ರಲ್ಲಿ ರೈಲು ಕಟ್ಟೋ ತೀರ್ಮಾನವಾಗಿ 1987ರ ನವೆಂಬರ್ 7ರಂದು ಮೊದಲ ಮೆಟ್ರೋ ಓಡಿತು. ಕಾರುಗಳು ಮಾತ್ರ ಏರ್ತಾನೇ ಇದ್ದವು. 1990ರ ಮೇ 1ರಿಂದ ಇನ್ನೂ ಕಠಿಣವಾದ ಕ್ರಮ ಬಂತು. ಹೊಸ ಗಾಡಿ ಕೊಳ್ಳಬೇಕಾದರೆ ಮೊದಲು "ಹಕ್ಕು ಪತ್ರ" ಕೊಳ್ಳಬೇಕು. ಎಷ್ಟು ಪತ್ರ ಅನ್ನೋದನ್ನ ಸರ್ಕಾರ ನಿಗದಿ ಮಾಡುತ್ತೆ, ಬೆಲೆಯನ್ನ ಹರಾಜು ನಿಗದಿ ಮಾಡುತ್ತೆ, ಆಯುಸ್ಸು ಹತ್ತು ವರ್ಷ. ಈ ಹರಾಜಿನ ಏರಿಳಿತ ನೋಡಿದರೆ ತಲೆ ತಿರುಗುತ್ತೆ. ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದ 2008ರ ನವೆಂಬರ್‌ನಲ್ಲಿ ಚಿಕ್ಕ ಕಾರಿನ ಪತ್ರ 2 ಡಾಲರಿಗೆ ಇಳಿದಿತ್ತು. ಹೌದು, ಎರಡೇ ಡಾಲರ್! 2023ರ ಅಕ್ಟೋಬರ್‌ನಲ್ಲಿ ದೊಡ್ಡ ಕಾರಿನ ಪತ್ರ ಒಂದೂವರೆ ಲಕ್ಷ ಡಾಲರ್ ದಾಟಿತು. ಬರೀ ಪತ್ರಕ್ಕೆ, ಕಾರಿನ ಬೆಲೆ ಬೇರೆ.

ಈ ಕ್ರಮದಲ್ಲಿ ಒಂದು ಒಳ ವಿರೋಧ ಇದೆ. ಒಂದು ಲಕ್ಷ ಸುರಿದು ಕಾರು ಕೊಂಡವನು ಅದನ್ನ ಮನೆ ಮುಂದೆ ನಿಲ್ಲಿಸ್ತಾನಾ? ಹಾಕಿದ ದುಡ್ಡು ಗಿಟ್ಟಲಿ ಅಂತ ಹಾಲು ತರೋಕೂ ಕಾರಲ್ಲೇ ಹೋಗ್ತಾನೆ. ಇಟ್ಟುಕೊಳ್ಳೋದಕ್ಕೆ ಬೆಲೆ ಹಾಕಿದರೆ ಬಳಕೆ ಕಡಿಮೆಯಾಗಬೇಕಿಲ್ಲ. ಬಳಸೋದಕ್ಕೇ ಬೆಲೆ ಹಾಕಬೇಕು, ಅದೂ ಎಲ್ಲಿ, ಯಾವ ಹೊತ್ತಲ್ಲಿ ಅನ್ನೋದನ್ನ ನೋಡಿ. ಕಾಗದದ ಚೀಟಿಗೆ ಅಷ್ಟು ಸೂಕ್ಷ್ಮ ಇರಲಿಲ್ಲ. ಒಮ್ಮೆ ಕೊಂಡರೆ ದಿನವಿಡೀ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದಿತ್ತು. 1994ರ ಹೊತ್ತಿಗೆ ಇಡೀ ದಿನದ ಚೀಟಿ, ಅರ್ಧ ದಿನದ ಚೀಟಿ, ಗಾಡಿಗೊಂದು ನಮೂನೆ, ಹೀಗೆ ಗೂಡಿನಲ್ಲಿ ಕೂತವರ ಕಣ್ಣಿಗೆ ಮೀರಿದಷ್ಟು ಬಗೆಗಳಾಗಿದ್ದವು.

ಈ ಘಟ್ಟದಲ್ಲೇ, 1995ರ ಸೆಪ್ಟೆಂಬರ್ 1ರಂದು, ಭೂ ಸಾರಿಗೆ ಪ್ರಾಧಿಕಾರ ಹುಟ್ಟಿದ್ದು. ಅಲ್ಲಿನವರ ಬಾಯಲ್ಲಿ ಎಲ್‌ಟಿಎ. ಗಾಡಿ ನೋಂದಣಿ ಮಾಡ್ತಿದ್ದ ಇಲಾಖೆ, ಮೆಟ್ರೋ ನಿಗಮ, ಲೋಕೋಪಯೋಗಿ ಇಲಾಖೆಯ ರಸ್ತೆ ವಿಭಾಗ, ಸಂಪರ್ಕ ಸಚಿವಾಲಯದ ಭೂ ಸಾರಿಗೆ ವಿಭಾಗ, ಈ ನಾಲ್ಕನ್ನೂ ಕೂಡಿಸಿ ಒಂದು ಮಾಡಿದರು. ಓದೋಕೆ ನೀರಸ ಆಡಳಿತಾತ್ಮಕ ಸುದ್ದಿ. ಆದರೆ ಇದರ ಅರ್ಥ ಏನು ನೋಡಿ. ರಸ್ತೆ ಕಟ್ಟೋನು, ಸಿಗ್ನಲ್ ನೋಡಿಕೊಳ್ಳೋನು, ಎಷ್ಟು ಗಾಡಿ ರಸ್ತೆಗಿಳೀಬೇಕು ಅಂತ ಹೇಳೋನು, ರೈಲಿನ ದಾರಿ ಎಲ್ಲಿ ಹಾಯಬೇಕು ಅಂತ ಯೋಚಿಸೋನು, ಎಲ್ಲರೂ ಒಂದೇ ಮನೆಯವರು. ದಟ್ಟಣೆ ಹೆಚ್ಚಾದರೆ "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನೋ ಸೌಲಭ್ಯ ಆ ಕಚೇರಿಗಿಲ್ಲ.

ಎಲ್‌ಟಿಎ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು, ಕಾಗದದ ಚೀಟಿಯನ್ನ ಎಲೆಕ್ಟ್ರಾನಿಕ್ ಮಾಡೋದು. 1998ರ ಏಪ್ರಿಲ್ 1ರಂದು ಈಸ್ಟ್ ಕೋಸ್ಟ್ ಹೆದ್ದಾರಿಯಲ್ಲಿ ಶುರುವಾಗಿ ಸೆಪ್ಟೆಂಬರ್ ಹೊತ್ತಿಗೆ ಊರ ನಡುವಿನ ಚೀಟಿ ವ್ಯವಸ್ಥೆ ಪೂರ್ತಿ ಹೋಗಿ ಇಆರ್‌ಪಿ ಬಂತು, ಅಂದರೆ ಎಲೆಕ್ಟ್ರಾನಿಕ್ ರಸ್ತೆ ದರ. ಪ್ರತಿ ಗಾಡಿಯಲ್ಲೂ ಒಂದು ಚಿಕ್ಕ ಪೆಟ್ಟಿಗೆ, ಅದರೊಳಗೆ ಮೊದಲೇ ದುಡ್ಡು ತುಂಬಿಸಿದ ಕಾರ್ಡು. ಕಮಾನಿನ ಕೆಳಗೆ ಗಾಡಿ ಹಾದಾಗ ರೇಡಿಯೋ ಮೂಲಕ ಮಾತುಕತೆ ನಡೆದು ದುಡ್ಡು ಕಡಿತವಾಗುತ್ತೆ. ವೇಗ ತಗ್ಗಿಸಬೇಕಿಲ್ಲ. ಒಟ್ಟು ಸುಮಾರು 20 ಕೋಟಿ ಡಾಲರ್ ಖರ್ಚಾಯ್ತು, ಅದರಲ್ಲಿ ಅರ್ಧದಷ್ಟು ಆ ಪೆಟ್ಟಿಗೆಗಳಿಗೇ. ಆಗ ರಸ್ತೆಯಲ್ಲಿದ್ದ ಗಾಡಿಗಳಿಗೆ ಪೆಟ್ಟಿಗೆಯನ್ನ ಪುಕ್ಕಟೆಯಾಗಿ ಹಾಕಿಕೊಟ್ಟರು.

ಯಾಕೆ ಮುಂಗಡ ಕಾರ್ಡು? ತಿಂಗಳ ಕೊನೆಗೆ ಬಿಲ್ ಕಳಿಸಬಹುದಿತ್ತಲ್ಲ? ಕಾರಣ ಹಾಂಗ್‌ಕಾಂಗ್. 1983ರಿಂದ 85ರವರೆಗೆ ಹಾಂಗ್‌ಕಾಂಗ್ ಇಂಥದ್ದೇ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನ ಪರೀಕ್ಷೆ ಮಾಡಿತ್ತು. ತಾಂತ್ರಿಕವಾಗಿ ಚೆನ್ನಾಗೇ ಕೆಲಸ ಮಾಡಿತು. ಆದರೆ ಯಾರ ಗಾಡಿ ಯಾವ ಹೊತ್ತಲ್ಲಿ ಎಲ್ಲಿತ್ತು ಅನ್ನೋ ಪಟ್ಟಿ ಸರ್ಕಾರದ ಕೈಗೆ ಸಿಗುತ್ತೆ ಅಂತ ಜನ ಹೆದರಿದರು, ಯೋಜನೆ ಬಿದ್ದುಹೋಯ್ತು. ಸಿಂಗಾಪುರದವರು ಅದನ್ನ ನೋಡಿ ಕಲಿತರು. ದುಡ್ಡು ಕಾರ್ಡಿನಲ್ಲೇ ಕಡಿತವಾದರೆ ಬಿಲ್ಲಿಗಾಗಿ ಓಡಾಟದ ಪಟ್ಟಿ ಇಟ್ಟುಕೊಳ್ಳೋ ಅಗತ್ಯ ಬೀಳಲ್ಲ. ನಿಯಮ ಮೀರಿದ ಗಾಡಿಯ ಫೋಟೋ ಮಾತ್ರ ತೆಗೆದರೆ ಸಾಕು.

ಈಗ ಬರ್ತೀನಿ ನನ್ನ ಪ್ರಕಾರ ಇಡೀ ಕತೆಯ ತಿರುಳಿಗೆ. ಯಾವ ಕಮಾನಿನಲ್ಲಿ ಯಾವ ಹೊತ್ತಿಗೆ ಎಷ್ಟು ದರ ಅಂತ ನಿರ್ಧಾರ ಮಾಡೋದು ಹೇಗೆ? "ಈ ವರ್ಷ ಖಜಾನೆಗೆ ಇಷ್ಟು ಕೋಟಿ ಬೇಕು" ಅಂತ ಹಿಂದಿನಿಂದ ಲೆಕ್ಕ ಹಾಕೋದಲ್ಲ. ನೋಡೋದು ವೇಗವನ್ನ. ಹೆದ್ದಾರಿಯಲ್ಲಿ ಗಂಟೆಗೆ 45ರಿಂದ 65 ಕಿಲೋಮೀಟರ್, ಊರೊಳಗಿನ ಮುಖ್ಯ ರಸ್ತೆಯಲ್ಲಿ 20ರಿಂದ 30. ಇದು ಗೆರೆ. ಮೂರು ತಿಂಗಳಿಗೊಮ್ಮೆ ವೇಗದ ಲೆಕ್ಕ ತೆಗೀತಾರೆ. ಗೆರೆಗಿಂತ ಕೆಳಗೆ ಹೋದರೆ ದರ ಏರುತ್ತೆ, ಮೇಲೆ ಹೋದರೆ ದರ ಇಳಿಯುತ್ತೆ. ಶಾಲೆಗೆ ರಜೆ ಬಂದಾಗ ಹಲವು ಕಡೆ ದರ ಇಳಿಸ್ತಾರೆ. ಶುರುವಾದ ಹೊಸತರಲ್ಲಿ ಇಆರ್‌ಪಿಯಿಂದ ಬಂದ ಆದಾಯ ಹಳೇ ಚೀಟಿಯದಕ್ಕಿಂತ ಕಡಿಮೆಯೇ ಇತ್ತು, ಆದರೂ ವಲಯದೊಳಗಿನ ಸಂಚಾರ ಮತ್ತೆ ಶೇಕಡಾ 10-15ರಷ್ಟು ಇಳೀತು. ಯಾಕಂದರೆ ಈಗ ಪ್ರತಿ ಸಲ ಒಳಬಂದಾಗಲೂ ಲೆಕ್ಕ. 2020ರ ಏಪ್ರಿಲ್‌ನಲ್ಲಿ ಕೊರೋನಾದಿಂದ ರಸ್ತೆ ಖಾಲಿಯಾದಾಗ ಎಲ್ಲಾ ಕಮಾನುಗಳಲ್ಲೂ ವಸೂಲಿ ನಿಲ್ಲಿಸಿಬಿಟ್ಟರು. ದಟ್ಟಣೆಯೇ ಇಲ್ಲದಿದ್ದರೆ ದಟ್ಟಣೆಯ ದರ ಯಾತಕ್ಕೆ? ಜುಲೈ ಕೊನೆಗೆ ಗಾಡಿಗಳು ಮರಳಿದ ಕಡೆಗಳಲ್ಲಷ್ಟೇ ಮತ್ತೆ ಶುರು ಮಾಡಿದರು. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಹೆಚ್ಚಾದರೆ ತಾನೇ ಆರೋ, ಕಮ್ಮಿಯಾದರೆ ತಾನೇ ಹತ್ತೋ ದೀಪ ಇರುತ್ತಲ್ಲ, ಇಡೀ ವ್ಯವಸ್ಥೆ ಅದೇ ತತ್ವದ್ದು. ಅಳತೆ, ಗುರಿ, ತಿದ್ದುಪಡಿ. ಮತ್ತೆ ಅಳತೆ.

ಎಲೆಕ್ಟ್ರಾನಿಕ್ ಆದ ಮೇಲೂ 1975ರ 9.30ರ ಭೂತ ಬಿಡಲಿಲ್ಲ ಅನ್ನೋದು ತಮಾಷೆ. ದರ ಅರ್ಧ ಗಂಟೆಗೊಮ್ಮೆ ಬದಲಾಗ್ತಿತ್ತು. ಇನ್ನೇನು ದರ ಇಳಿಯುತ್ತೆ ಅಂದರೆ ಕಮಾನಿಗೆ ಮುಂಚೆ ಕೆಲವರು ಗಾಡಿ ನಿಧಾನ ಮಾಡ್ತಿದ್ದರು. ಇನ್ನೇನು ಏರುತ್ತೆ ಅಂದರೆ ಜೋರಾಗಿ ಓಡಿಸ್ತಿದ್ದರು. ಎರಡೂ ಅಪಾಯವೇ. 2003ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಎರಡು ದರಗಳ ನಡುವೆ ಐದು ನಿಮಿಷದ ಒಂದು ಮಧ್ಯಮ ದರ, ಏಕ್‌ದಂ ಮೆಟ್ಟಿಲಿನ ಬದಲು ಇಳಿಜಾರು. ಪ್ರೋಗ್ರಾಂ ಬರೆಯೋರಿಗೆ ಇದು ಚಿರಪರಿಚಿತ, ತೊಂದರೆಯೆಲ್ಲ ಯಾವಾಗಲೂ ಗಡಿಯಲ್ಲೇ ಇರುತ್ತೆ, ಒಳಗಲ್ಲ.

ಈಗ ಕಮಾನುಗಳ ಕಾಲವೂ ಮುಗೀತಾ ಬಂದಿದೆ. ಉಪಗ್ರಹ ಆಧಾರಿತ ಹೊಸ ವ್ಯವಸ್ಥೆಗೆ 2016ರಲ್ಲಿ 55.6 ಕೋಟಿ ಡಾಲರಿನ ಗುತ್ತಿಗೆ ಕೊಟ್ಟರು, ಹೊಸ ಪೆಟ್ಟಿಗೆ ಅಳವಡಿಸೋದು 2023ರ ನವೆಂಬರ್‌ನಲ್ಲಿ ಶುರುವಾಯ್ತು. ಫೋನ್ ಕೈಯಲ್ಲೇ ಇರೋವಾಗ ಮೂರು ತುಂಡಿನ ಈ ಪೆಟ್ಟಿಗೆ, ಪರದೆ ಎಲ್ಲ ಯಾಕೆ ಅಂತ ಜನ ಗೊಣಗಿದರು. ಕೊನೆಗೆ ಪರದೆ ಬೇಡ ಅನ್ನೋರಿಗೆ ಬಿಡೋ ಅವಕಾಶ ಕೊಟ್ಟರು. ಇನ್ನೊಂದು ಕಡೆ, 2018ರಿಂದ ಕಾರು ಮತ್ತು ಬೈಕುಗಳ ಸಂಖ್ಯೆ ಬೆಳೆಯೋದನ್ನ ಸೊನ್ನೆಗೆ ನಿಲ್ಲಿಸಿದ್ದ ಎಲ್‌ಟಿಎ, 2025ರ ಫೆಬ್ರವರಿಯಿಂದ ಕೆಲವು ವರ್ಷಗಳಲ್ಲಿ 20,000ದವರೆಗೆ ಹೆಚ್ಚುವರಿ ಹಕ್ಕು ಪತ್ರ ಬಿಡ್ತೀವಿ ಅಂತ 2024ರಲ್ಲಿ ಪ್ರಕಟಿಸಿತು. ಬಳಕೆಗೆ ಸರಿಯಾಗಿ ಬೆಲೆ ಹಾಕೋ ಸಾಧನ ಕೈಗೆ ಬರ್ತಿದೆ, ಕೊಳ್ಳೋದನ್ನ ಸ್ವಲ್ಪ ಸಡಿಲಿಸಬಹುದು ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಇದನ್ನೆಲ್ಲ ಓದಿ ಇದು ದುಡ್ಡಿದ್ದವರ ರಸ್ತೆ ಅಂತ ನಿಮಗೆ ಅನ್ನಿಸಿದರೆ ನಾನು ಪೂರ್ತಿ ಅಲ್ಲಗಳೆಯಲ್ಲ. ಒಂದೂವರೆ ಲಕ್ಷದ ಪತ್ರ ಕೊಳ್ಳೋನಿಗೆ ಕಮಾನಿನ ಎರಡು ಮೂರು ಡಾಲರ್ ಯಾವ ಲೆಕ್ಕ? ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರೋ ಮನೆಯವರಿಗೆ ಕಾರು ಷೋಕಿಯಲ್ಲ, ಆದರೂ ಹರಾಜಿನಲ್ಲಿ ಎಲ್ಲರೂ ಒಂದೇ. ಇನ್ನೊಂದು ಮಾತು, 1975ರಲ್ಲಿ ಆ ದೇಶದ ಸಂಸತ್ತಿನಲ್ಲಿ ಒಬ್ಬನೇ ಒಬ್ಬ ವಿರೋಧ ಪಕ್ಷದ ಸದಸ್ಯ ಇರಲಿಲ್ಲ. 1968ರಿಂದ 1981ರವರೆಗೂ ಹಾಗೇ ಇತ್ತು. ಅಲ್ಲಿ ಸಾಧ್ಯವಾದದ್ದು ಓಟು ಕೇಳೋ ಊರಲ್ಲಿ ಸಾಧ್ಯವೇ ಅಂತ ಕೇಳೋದು ನ್ಯಾಯ.

ಇದಕ್ಕೆ ಉತ್ತರ ಬೇರೆ ಊರುಗಳಲ್ಲಿದೆ. 2003ರ ಫೆಬ್ರವರಿ 17ರಂದು ಲಂಡನ್ 5 ಪೌಂಡಿನ ದಟ್ಟಣೆ ಶುಲ್ಕ ಹಾಕಿತು. ಸ್ಟಾಕ್‌ಹೋಮ್ ಅದಕ್ಕಿಂತ ಚೆನ್ನಾಗಿ ಮಾಡಿತು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿ, ನಿಲ್ಲಿಸಿ, ಆಮೇಲೆ ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿತು. ಪ್ರಯೋಗಕ್ಕೆ ಮುಂಚೆ ಬೇಡ ಅನ್ನೋರೇ ಹೆಚ್ಚಿದ್ದ ನಗರ, ಶೇಕಡಾ 20ರಷ್ಟು ಗಾಡಿ ಇಳಿದದ್ದನ್ನ ಕಣ್ಣಾರೆ ಕಂಡ ಮೇಲೆ ಸಣ್ಣ ಅಂತರದಲ್ಲಿ ಹೌದು ಅಂತು. ವಿಕ್ರಿ ಕೆಲಸ ಮಾಡಿದ ಊರು ನ್ಯೂಯಾರ್ಕಿಗೆ ಅವನ ಮಾತು ತಲುಪೋಕೆ 2025ರ ಜನವರಿ 5 ಆಗಬೇಕಾಯ್ತು!

ನಮ್ಮ ಬೆಂಗಳೂರಿಗೂ ಈ ಕತೆಗೂ ಹೆಸರಿನ ಮಟ್ಟಿಗಾದರೂ ನಂಟಿದೆ. 2007ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಅನ್ನೋ ಸಂಸ್ಥೆಯನ್ನ ಸರ್ಕಾರಿ ಆದೇಶದಿಂದ ಮಾಡಿದರು. ಹೆಸರು ಥೇಟ್ ಸಿಂಗಾಪುರದ್ದೇ, ಕಾನೂನಿನ ಬಲ ಮಾತ್ರ ಇರಲಿಲ್ಲ. ಅದಕ್ಕೊಂದು ಕಾಯ್ದೆ ಬಂದದ್ದು 2022ರಲ್ಲಿ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಬಸ್ಸು ಒಬ್ಬರದು, ಮೆಟ್ರೋ ಇನ್ನೊಬ್ಬರದು, ಸಿಗ್ನಲ್ಲಿನ ಕೆಳಗೆ ನಿಲ್ಲೋರು ಮತ್ತೊಬ್ಬರು, ನೋಂದಣಿ ಮಗದೊಬ್ಬರದು, ರಸ್ತೆಯ ಅಡಿಯ ಕೊಳವೆ ಜಲಮಂಡಳಿಯದು. ಇವರಲ್ಲಿ ಯಾರೂ ಕೆಲಸ ಮಾಡ್ತಿಲ್ಲ ಅಂತ ನಾನು ಹೇಳ್ತಿಲ್ಲ. ನಾನು ಕೇಳೋದು ಒಂದೇ: ಬೆಳಗ್ಗೆ ಒಂಬತ್ತಕ್ಕೆ ನಮ್ಮ ರಸ್ತೆಯಲ್ಲಿ ಒಂದು ಬಸ್ಸು ಗಂಟೆಗೆ ಎಷ್ಟು ಕಿಲೋಮೀಟರ್ ಹೋಗಬೇಕು ಅನ್ನೋದಕ್ಕೆ ಇವರಲ್ಲಿ ಯಾರು ಜವಾಬ್ದಾರಿ?

ನಾಳೆಯೇ ಬೆಂಗಳೂರಿನಲ್ಲಿ ಕಮಾನು ಕಟ್ಟಿ ದುಡ್ಡು ಎತ್ತಿ ಅಂತ ನಾನು ಖಂಡಿತ ಹೇಳ್ತಿಲ್ಲ. ಬಸ್ಸು ಹತ್ತೋಕೆ ಜಾಗ ಇಲ್ಲದ ಊರಲ್ಲಿ ಕಾರಿಗೆ ಬೆಲೆ ಹಾಕೋದು ಬರೀ ವಸೂಲಿಯಾಗುತ್ತೆ. ಸಿಂಗಾಪುರ 1975ಕ್ಕೆ ಮುಂಚೆ 1971, 1973, 1974 ಅನ್ನೋ ವರ್ಷಗಳನ್ನ ದಾಟಿ ಬಂದಿತ್ತು. ನಾವು ಮೊದಲು ಅವನ್ನ ದಾಟಬೇಕು. ಆದರೆ ಅದಕ್ಕೂ ಮುಂಚಿನ ಕೆಲಸಕ್ಕೆ ದುಡ್ಡೂ ಬೇಡ, ಉಪಗ್ರಹವೂ ಬೇಡ. ಒಂದು ಗೆರೆ ಎಳೆಯೋದು, ಮೂರು ತಿಂಗಳಿಗೊಮ್ಮೆ ಅಳೆಯೋದು, ಅಳತೆಯನ್ನ ಊರಿನ ಮುಂದೆ ಇಡೋದು. 1975ರಲ್ಲಿ ಗೂಡಿನಲ್ಲಿ ಕೂತು ನಂಬರ್ ಬರೆದುಕೊಳ್ತಿದ್ದವರ ಹತ್ತಿರ ಇದ್ದದ್ದು ಒಂದು ಪೆನ್ಸಿಲ್. ನಮ್ಮ ಹತ್ತಿರ ಅದಕ್ಕಿಂತ ಹೆಚ್ಚೇ ಇದೆ.